ಮಾದೇವಣ್ಣ ಕಟ್ಟಿದ ಸದ್ದಿಲ್ಲದ ಪೆಟ್ಟಿಗೆ

ಕಳೆದ ತಿಂಗಳು ಗುಬ್ಬಿಗೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ರೈಲ್ವೆ ಸ್ಟೇಷನ್ ಕಡೆ ನಡೆದು ಬರುವಾಗ ಒಂದು ಓಣಿಯ ಬಾಯಲ್ಲಿ ಕಾಲು ತಾನೇ ನಿಂತುಬಿಟ್ಟಿತು. ಕಾದ ವಾರ್ನಿಷ್ಷಿನ ವಾಸನೆ. ಸುಟ್ಟುಹೋದ ಮೋಟರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ, ಮೇಲೆ ವಾರ್ನಿಷ್ ಹುಯ್ದು, ಕಾಯಿಸಿ ಒಣಗಿಸುತ್ತಾರಲ್ಲ, ಅದು. ಜೊತೆಗಿದ್ದ ನನ್ನ ಗಂಡ ಮೂಗು ಮುಚ್ಚಿಕೊಂಡು, "ನಡಿ ನಡಿ, ಉಂಡಿದ್ದೆಲ್ಲ ಮೇಲಕ್ಕೆ ಬರ್ತದೆ" ಎಂದರು. ನಾನು ಅಲ್ಲೇ ನಿಂತು ಎದೆ ತುಂಬ ಎಳೆದುಕೊಂಡೆ. ಎರಡು ಸಾವಿರದ ನಾಲ್ಕನೆಯ ಇಸವಿಯ ಮಳೆಗಾಲದ ಕೊನೆಗೆ ನನ್ನ ಸೀರೆಯಿಂದ ಬರುತ್ತಿದ್ದದ್ದು ಇದೇ ವಾಸನೆ. ಒಂದು ಕಂಪ್ಯೂಟರಿನ ಬಾಯಿ ಮುಚ್ಚಿಸಲು ಒದ್ದಾಡಿದ ಮಳೆಗಾಲ ಅದು.

ಆಗ ನಾನು ತುಮಕೂರಿನ ಶೆಟ್ಟಿಹಳ್ಳಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಂಗೀತದ ಟೀಚರು. ಮನೆ ಉಪ್ಪಾರಹಳ್ಳಿಯಲ್ಲಿ. ಸಂಗೀತದ ಟೀಚರೆಂದರೆ ಶಾಲೆಗಳಲ್ಲಿ ಏನು ಬೆಲೆಯೆಂದು ಗೊತ್ತಲ್ಲ, ಲೆಕ್ಕದ ಮೇಷ್ಟ್ರಿಗೆ ಪೋರ್ಷನ್ ಮುಗಿಯದಿದ್ದರೆ ನನ್ನ ಪೀರಿಯಡ್ಡು ಅವರದು. ಆ ಸಿಟ್ಟಿಗೋ ಏನೋ, ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಹುಚ್ಚು ನನಗೆ ಹಿಡಿದಿತ್ತು. ಕಂಪ್ಯೂಟರಿದ್ದರೆ ಸ್ಟುಡಿಯೋ ಬೇಡ, ಮೈಕು ಮತ್ತು ಸಾಫ್ಟ್‌ವೇರ್ ಸಾಕು ಎಂದು ಸೈಬರ್ ಕೆಫೆಯಲ್ಲಿ ಓದಿಕೊಂಡು ಬಂದಿದ್ದೆ. ಹಾಗಾಗಿ ಪಟ್ಟು ಹಿಡಿದು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಜೋರಾಗಿ ಓಡುವ ಕಂಪ್ಯೂಟರನ್ನೇ ಜೋಡಿಸಿಕೊಂಡು ತಂದೆ. ಜೋರೆಂದರೆ ಒಳ್ಳೆಯದೆಂಬ ನಂಬಿಕೆ ನನ್ನದು ಆಗ.

ಹುಚ್ಚಿಗೆ ಕೆಲಸ ಕೊಟ್ಟವರು ನನ್ನ ಸೋದರಮಾವ. ಕುಣಿಗಲ್ ತಾಲ್ಲೂಕಿನಲ್ಲಿ, ಹುತ್ರಿದುರ್ಗದ ಬೆಟ್ಟದ ಬುಡಕ್ಕೆ ಅವರ ಮನೆ. ಸುತ್ತಿನ ಹಳ್ಳಿಗಳಲ್ಲೆಲ್ಲ ಅವರು ರುದ್ರಯ್ಯ ಮೇಷ್ಟ್ರು, ಅಂದರೆ ಡ್ರಾಮಾ ಮೇಷ್ಟ್ರು. ಊರಿನವರು ಪೌರಾಣಿಕ ನಾಟಕ ಆಡಬೇಕೆಂದರೆ ಇವರನ್ನು ಕರೆಸುತ್ತಿದ್ದರು. ಬಸ್ ಕಂಡಕ್ಟರು, ಹಾಲಿನ ಡೈರಿ ಸೆಕ್ರೆಟರಿ, ಹೊಲ ಉಳುವವರು ಎಲ್ಲರೂ ಸಂಜೆ ಬಂದು ಕೂತರೆ, ಮಾವ ಕಾಲಿನಲ್ಲಿ ತುಳಿಯುವ ಹಾರ್ಮೋನಿಯಂ ಮುಂದೆ ಕೂತು ಒಬ್ಬೊಬ್ಬರಿಗೂ ಅವರ ಪಾರ್ಟಿನ ಹಾಡು ಕಲಿಸುತ್ತಿದ್ದರು. ನಾಟಕದ ಪುಸ್ತಕದಲ್ಲಿ ಹಾಡಿನ ಸಾಲಿರುತ್ತದೆ, ರಾಗದ ಹೆಸರೂ ಇರುತ್ತದೆ. ಅದನ್ನು ಹಾಡುವ ಮಟ್ಟು, ಅಂದರೆ ಧಾಟಿ, ಎಲ್ಲೂ ಬರೆದಿರುವುದಿಲ್ಲ. ಮಾವ ಅದನ್ನು ತಮ್ಮ ಗುರುಗಳಿಂದ ಕಲಿತಿದ್ದರು, ಗುರುಗಳು ತಮ್ಮ ಗುರುಗಳಿಂದ.

"ಪುಸ್ತಕದಾಗೆ ಮಾತೈತೆ ಕಣವ್ವ ಗಿರಿಜಾ. ಮಟ್ಟು ಇಲ್ಲೈತೆ" ಎಂದು ಗಂಟಲು ಮುಟ್ಟಿ ತೋರಿಸುತ್ತಿದ್ದರು.

ಆ ವರ್ಷ ಕೆಟ್ಟದ್ದು ಅದೇ ಗಂಟಲು. ಯುಗಾದಿ ಹೊತ್ತಿಗೆ ಗೊಗ್ಗರಾಯಿತು, ಮುಂಗಾರಿನ ಹೊತ್ತಿಗೆ ಮೆಲ್ಲಗೆ ಗುನುಗುವಷ್ಟೇ ಉಳಿಯಿತು. ಬೆಂಗಳೂರಿನ ಡಾಕ್ಟರು ನೋಡಿ, ಗಂಟಲಲ್ಲಿ ಗಡ್ಡೆ ಬೆಳೆದಿದೆ, ದಸರಾ ಕಳೆದ ಕೂಡಲೇ ತೆಗೆಯಬೇಕು, ಆಮೇಲೆ ದನಿ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂದು ನೇರವಾಗಿ ಹೇಳಿದ್ದರು. ಮಾವ ಪ್ರಾಣಕ್ಕೆ ಹೆದರಲಿಲ್ಲ. "ಮಟ್ಟುಗಳು ನನ್ನ ಜೊತೇಲೇ ಹೊಂಟೋಗ್ತವೆ" ಎಂದು ಒಂದೇ ಒಂದು ಸಲ ಅಂದರು. ನಾನು ಹಿಡಿದಿಡ್ತೀನಿ ಬಿಡಿ ಮಾವ ಎಂದು ದೊಡ್ಡದಾಗಿ ಮಾತು ಕೊಟ್ಟುಬಿಟ್ಟೆ.

ಶ್ರಾವಣದ ಒಂದು ಸೋಮವಾರ ಕಂಪ್ಯೂಟರನ್ನು ದುಪ್ಪಟಿಯಲ್ಲಿ ಕಟ್ಟಿಕೊಂಡು ಮಾವನ ಮನೆಗೆ ಹೋದೆ. ಮಾವ ಸಣ್ಣ ದನಿಯಲ್ಲಿ ಒಂದು ಮಟ್ಟು ಹಾಡಿದರು. ನಾನು ಹೆಡ್‌ಫೋನನ್ನು ಅವರ ಕಿವಿಗೆ ಹಾಕಿ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ಹುಬ್ಬು ಗಂಟಿಕ್ಕಿದರು, ಹಿಂದಕ್ಕೆ ತಿರುಗಿ ನೋಡಿದರು.

"ನಾನು ಹಾಡೋವಾಗ ನನ್ನ ಬೆನ್ನಿಂದೆ ಯಾರವ್ವ ರಾಗಿ ಬೀಸ್ತಿದ್ದಿದ್ದು?"

"ನಾನಂತೂ ಅಲ್ಲ" ಎಂದರು ಮಾವನ ಹೆಂಡತಿ ಗೌರತ್ತೆ, ಅಡುಗೆಮನೆಯಿಂದಲೇ. "ಬೀಸೋ ಕಲ್ಲು ಬಿಟ್ಟು ಇಪ್ಪತ್ತೊರ್ಸ ಆಯ್ತು."

ಬೀಸುತ್ತಿದ್ದದ್ದು ನನ್ನ ಕಂಪ್ಯೂಟರು. ಅದರೊಳಗಿನ ಫ್ಯಾನುಗಳ ಸದ್ದಿಗಿಂತ ಮಾವನ ದನಿ ಸಣ್ಣದಾಗಿತ್ತು. ಪಕ್ಕದ ಕೋಣೆಯಲ್ಲಿಡೋಣವೆಂದರೆ ಆ ಮನೆ ಒಂದೇ ಹಜಾರ, ಅಡುಗೆಮನೆಗೂ ಅಡ್ಡ ಇರುವುದು ಅರ್ಧ ಗೋಡೆ. ಹೊರಗೆ ಜಗಲಿಯ ಮೇಲಿಟ್ಟು ಮೈಕಿಗೆ ಉದ್ದನೆಯ ವೈರು ಎಳೆದರೆ ಆ ವೈರು ರೇಡಿಯೋ ಹಿಡಿಯಿತು. ಮಾವನ ಶೋಕದ ಹಾಡಿನ ಹಿಂದೆ ಯಾರೋ ರೇಷ್ಮೆಗೂಡಿನ ಧಾರಣೆ ಓದುತ್ತಿದ್ದರು. ನಮ್ಮ ಮನೆಗೇ ಕರೆತರೋಣವೆಂದರೆ ಉಪ್ಪಾರಹಳ್ಳಿಯಲ್ಲಿ ರೈಲಿನ ಸದ್ದು, ಗೇಟಿನಲ್ಲಿ ನಿಂತ ಲಾರಿಗಳ ಹಾರನ್ನು. ಸದ್ದು ತೆಗೆಯುವ ಸಾಫ್ಟ್‌ವೇರನ್ನೂ ಹಾಕಿ ನೋಡಿದೆ. ಸದ್ದೂ ಹೋಯಿತು, ಅದರ ಜೊತೆ ಮಾವನೂ ಹೋದರು.

ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಗೆ ಹೋಗಿ ಜಗಳ ಮಾಡಿದೆ. ಅಂಗಡಿಯವನು ನಕ್ಕ. "ಕಂಪ್ಯೂಟರ್ ಅಂದ್ಮೇಲೆ ಸದ್ದು ಮಾಡ್ದೆ ಇರುತ್ತಾ ಮೇಡಂ? ಸದ್ದು ಬರ್ತಿದ್ರೇನೇ ಓಡ್ತಾ ಇದೆ ಅಂತ ಅರ್ಥ" ಎಂದ. ಅವನಿಗೆ ನಾಲ್ಕು ಅಂದು ಎದ್ದು ಬಂದೆ. ಅಂದರೆ ಪ್ರಯೋಜನವೇನು, ಶ್ರಾವಣ ಕಳೆಯುತ್ತಾ ಬಂದಿತ್ತು.

ಮಾದೇವಣ್ಣ ನನ್ನ ಕಣ್ಣಿಗೆ ಬಿದ್ದದ್ದು ಆ ವಾರದಲ್ಲೇ, ಅದೂ ನಮ್ಮ ಶಾಲೆಯ ಬೋರ್‌ವೆಲ್ ಮೋಟರು ಸುಟ್ಟುಹೋದ ದೆಸೆಯಿಂದ. ಗುಬ್ಬಿಯಲ್ಲಿ ಅವರದು ರಿವೈಂಡಿಂಗ್ ಅಂಗಡಿ. ಐವತ್ತರ ಆಸುಪಾಸು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಖಾಕಿ ಅಂಗಿ. ಮೋಟರಿನ ಕೆಲಸ ಮುಗಿಸಿ ಸ್ಟಾಫ್ ರೂಮಿನಲ್ಲಿ ಟೀ ಕುಡಿಯಲು ಕೂತವರು ಒಮ್ಮೆ ತಲೆಯೆತ್ತಿ ಸೀಲಿಂಗ್ ಫ್ಯಾನನ್ನು ನೋಡಿದರು.

"ಇದರ ಬೇರಿಂಗು ಗೌರಿ ಹಬ್ಬ ನೋಡಾಕಿಲ್ಲ" ಎಂದರು.

ನಾವೆಲ್ಲ ನಕ್ಕೆವು. ಆ ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು. ಗೌರಿ ಹಬ್ಬಕ್ಕೆ ಮೂರು ದಿನವಿದೆ ಎನ್ನುವಾಗ ಅದು ಕಿರ್ರೆಂದು ಕೂಗಿ ನಿಂತಿತು. ಲೆಕ್ಕದ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಕೂತಿದ್ದರೆ ನನಗೆ ಮಾತ್ರ ಮೈ ಜುಮ್ಮೆಂದಿತು. ಇಂಥ ಕಿವಿಯವರನ್ನು ಬಿಟ್ಟು ನಾನು ಕಂಪ್ಯೂಟರ್ ಅಂಗಡಿಯ ಬಾಗಿಲು ಕಾಯುತ್ತಿದ್ದೆನಲ್ಲ ಎನಿಸಿತು. ಮಾರನೆಯ ಭಾನುವಾರವೇ ಗಂಟು ಕಟ್ಟಿಕೊಂಡು ಗುಬ್ಬಿಯ ಪ್ಯಾಸೆಂಜರ್ ರೈಲು ಹತ್ತಿದೆ. ಎದುರು ಕೂತಿದ್ದ ಅಜ್ಜಿಯೊಬ್ಬಳು ನನ್ನ ತೊಡೆಯ ಮೇಲಿನ ದುಪ್ಪಟಿ ಗಂಟನ್ನು ಗುಬ್ಬಿ ಬರುವವರೆಗೂ ನೋಡುತ್ತ, ಇಳಿಯುವಾಗ "ಕೂಸು ಒಂದು ಸಲಾನೂ ಅಳಲಿಲ್ಲ ಕಣವ್ವ" ಎಂದಳು.

ಮಾದೇವಣ್ಣ ಅಲ್ಲಿಯವರೆಗೆ ಕಂಪ್ಯೂಟರನ್ನು ಬಿಚ್ಚಿ ನೋಡಿದವರಲ್ಲ. ಅದನ್ನು ಮುಚ್ಚಿಡಲೂ ಇಲ್ಲ. "ನಂಗೆ ಇದರ ವಿದ್ಯೆ ಗೊತ್ತಿಲ್ಲ ಟೀಚರಮ್ಮ. ಸದ್ದಿನ ವಿದ್ಯೆ ಗೊತ್ತು" ಎಂದರು. ಚಾಲೂ ಮಾಡಿಸಿ, ಒಂದು ಮೊಳದುದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು, ಅದರ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಪೆಟ್ಟಿಗೆಯ ಒಂದೊಂದು ಜಾಗಕ್ಕೂ ಮುಟ್ಟಿಸುತ್ತ ಹೋದರು. ಪಂಪ್‌ಸೆಟ್ಟಿನ ರೋಗ ಕಂಡುಹಿಡಿಯುವುದು ಹಾಗೆಯೇ. ಅಂಗಡಿಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಹತ್ತು ನಿಮಿಷ ಕೇಳಿ ಎದ್ದು ನಿಂತರು.

"ಒಳಗೆ ಮೂರು ಜನ ಅವ್ರೆ. ಕರೆಂಟ್ ಡಬ್ಬಿ ಮೇಲಿರೋ ಫ್ಯಾನು ಮುದುಕ, ಗೊರಕೆ ಹೊಡೀತಾನೆ. ಈ ನಡುವಿಂದು ಅವಸರದೋನು, ಅವನದೇ ಕಿರುಚಾಟ ಜಾಸ್ತಿ. ಈ ಕಬ್ಬಿಣದ ಡಬ್ಬಿ ಐತಲ್ಲ, ಇವನು ಸಣ್ಣಗೆ ಮಾತಾಡ್ತಾನೆ, ಆದ್ರೆ ತಗಡಿಗೆ ಬಾಯಿ ಕೊಟ್ಟವ್ನೆ. ಅವನು ಪಿಸುಗುಟ್ಟಿದ್ದ ತಗಡು ಊರಿಗೆಲ್ಲ ಸಾರ್ತದೆ."

ಅವಸರದವನೆಂದರೆ ಲೆಕ್ಕ ಮಾಡುವ ಮುಖ್ಯ ಚಿಪ್ಪನ್ನು, ಅಂದರೆ ಪ್ರೊಸೆಸರನ್ನು ತಣ್ಣಗಿಡುವ ಫ್ಯಾನು. ಕಬ್ಬಿಣದ ಡಬ್ಬಿಯೆಂದರೆ ಹಾರ್ಡ್ ಡಿಸ್ಕು. ಹೆಸರು ಗೊತ್ತಿಲ್ಲದೆ ಮೂವರ ಗುಣವನ್ನೂ ಹೇಳಿಬಿಟ್ಟಿದ್ದರು.

ಅಲ್ಲಿಂದ ರಜೆ ಸಿಕ್ಕಾಗಲೆಲ್ಲ ನನ್ನ ಗುಬ್ಬಿ ಪ್ರಯಾಣ. ಹೊರಗೆ ಮಳೆ ಹಿಡಿದಿರುತ್ತಿತ್ತು, ಒಳಗೆ ಕೆಂಡದ ಮೇಲೆ ವಾರ್ನಿಷ್ ಒಣಗುತ್ತಿತ್ತು. ಮಾದೇವಣ್ಣ ಹಾರ್ಡ್ ಡಿಸ್ಕನ್ನು ತಗಡಿನಿಂದ ಬಿಡಿಸಿ, ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ತೊಟ್ಟಿಲು ಕಟ್ಟಿ ನೇತುಹಾಕಿದರು. ಅದರ ಪಿಸುಮಾತು ಅಲ್ಲಿಗೇ ನಿಂತಿತು. ಎರಡು ಚಿಕ್ಕ ಫ್ಯಾನುಗಳನ್ನೂ ಕಿತ್ತು, ಹಳೇ ಇನ್ವರ್ಟರಿನಲ್ಲಿದ್ದ ಅಂಗೈಗಿಂತ ಅಗಲದ ಒಂದು ಫ್ಯಾನು ಕೂರಿಸಿ, ಹನ್ನೆರಡು ವೋಲ್ಟು ಬೇಡುವ ಅದಕ್ಕೆ ಏಳೇ ವೋಲ್ಟು ಕೊಟ್ಟರು. "ಅರೆಹೊಟ್ಟೆ ಇಕ್ಕಿದ್ರೆ ಕೂಗಾಡಲ್ಲ, ಕೆಲ್ಸನೂ ಬಿಡಲ್ಲ" ಎಂದರು. ಆಮೇಲೊಂದು ದಿನ ನಾನು ಸೈಬರ್ ಕೆಫೆಯಲ್ಲಿ ಹುಡುಕಿದಾಗ, ದೂರದ ಯಾವುದೋ ದೇಶದವರೂ ಹಾರ್ಡ್ ಡಿಸ್ಕನ್ನು ಎಲಾಸ್ಟಿಕ್ಕಿನಲ್ಲಿ ನೇತುಹಾಕುವ, ಫ್ಯಾನಿಗೆ ಏಳು ವೋಲ್ಟು ಕೊಡುವ ಸಂಗತಿ ಬರೆದುಕೊಂಡಿದ್ದರು. ಪ್ರಿಂಟ್ ತೆಗೆಸಿಕೊಂಡು ಓಡಿ ಹೋಗಿ ಓದಿ ಹೇಳಿದೆ. ಮಾದೇವಣ್ಣ ತಂತಿ ಸುತ್ತುವುದನ್ನು ನಿಲ್ಲಿಸಲೂ ಇಲ್ಲ.

"ಗೊತ್ತಾಗ್ದೆ ಏನು ಟೀಚರಮ್ಮ. ಅವ್ರಿಗೂ ಎರಡು ಕಿವಿ ಅವೆ" ಎಂದರು.

ಹಾಗೆಂದು ಅವರು ತಪ್ಪೇ ಮಾಡದ ದೇವರಲ್ಲ. ಉಳಿದಿದ್ದ ಸಣ್ಣ ಗುಂಯ್ ಸದ್ದನ್ನೂ ತೆಗೆಯಬೇಕೆಂದು ಒಂದು ಕರಿ ಕಂಬಳಿಯನ್ನು ಕತ್ತರಿಸಿ ಪೆಟ್ಟಿಗೆಯ ಒಳಮೈಗೆಲ್ಲ ಅಂಟಿಸಿ, ಇದ್ದಬದ್ದ ಕಿಂಡಿಗಳನ್ನೂ ಮುಚ್ಚಿಬಿಟ್ಟರು. ಚಾಲೂ ಮಾಡಿದರೆ ಏನೂ ಕೇಳಿಸಲಿಲ್ಲ. ಸ್ಕ್ರೂಡ್ರೈವರ್ ಇಟ್ಟು ಕೇಳಿದರೂ ಇಲ್ಲ. ನಾನು ಕುಣಿಯುವುದೊಂದು ಬಾಕಿ. ಅಂಗಡಿಯಲ್ಲೇ ಮೈಕು ಹಿಡಿದು ಹಾಡಲು ಶುರುಮಾಡಿದೆ, ಮಾದೇವಣ್ಣ ಪಕ್ಕದ ಅಂಗಡಿಯವರನ್ನೆಲ್ಲ ಕರೆದರು. ಎರಡನೆಯ ಹಾಡಿನ ಚರಣಕ್ಕೆ ಬರುವಷ್ಟರಲ್ಲಿ ಎರವಲು ತಂದಿದ್ದ ಮಾನಿಟರಿನ ಪರದೆ ಕಪ್ಪಾಯಿತು. ಕುರಿಯ ಕೂದಲು ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಪ್ರೊಸೆಸರೂ ಅದು ಕೂತಿದ್ದ ಬೋರ್ಡೂ ಎರಡೂ ಸತ್ತಿದ್ದವು.

ಮಾದೇವಣ್ಣ ಕಂಬಳಿಯನ್ನು ಕಿತ್ತು ಮಡಿಸುತ್ತ ಅಂದರು: "ಇಪ್ಪತ್ತೈದು ವರ್ಷದಿಂದ ನಾನು ಬೋರಿಗಿಳಿಸೋ ಮೋಟ್ರು ಕಟ್ಟಿದೋನು. ಅದು ನೀರೊಳಗಿರ್ತದೆ, ತಣ್ಣಗಿರ್ತದೆ. ಅದಕ್ಕೆ ಒಂದು ತೂತೂ ಇರಬಾರ್ದು, ಮುಚ್ಚಿದಷ್ಟೂ ಒಳ್ಳೇದು. ಇದು ಗಾಳೀಲಿ ಬದುಕೋ ಪ್ರಾಣಿ ಅನ್ನೋದ ಮರೆತೇಬುಟ್ಟೆ. ತಪ್ಪು ನಂದು ಟೀಚರಮ್ಮ."

ನನಗೆ ಅಳು ಬಂತು, ಸಿಟ್ಟೂ ಬಂತು. ಪಿತೃಪಕ್ಷ ಹತ್ತಿರ ಬಂದಿತ್ತು, ಅದು ಕಳೆದರೆ ನವರಾತ್ರಿ, ನವರಾತ್ರಿ ಕಳೆದರೆ ಮಾವ ಆಸ್ಪತ್ರೆಗೆ. ಸತ್ತ ಕಂಪ್ಯೂಟರನ್ನು ಅಲ್ಲೇ ಬಿಟ್ಟು ರೈಲು ಹತ್ತಿದೆ. ಮನೆಗೆ ಬಂದು ಗಂಡನ ಮೇಲೆ ಹಾರಾಡಿದೆ.

ಎರಡು ಭಾನುವಾರ ನಾನು ಹೋಗಲಿಲ್ಲ. ಮೂರನೆಯ ವಾರ ಮಾದೇವಣ್ಣನೇ ಶಾಲೆಗೆ ಫೋನು ಮಾಡಿಸಿ ಬರಹೇಳಿದರು. ಹೋದರೆ ಅಂಗಡಿಯ ಮೂಲೆಯಲ್ಲಿ ಮರದ ಪೆಟ್ಟಿಗೆಯೊಂದು ಇತ್ತು. ಕೆಳಗೆ ಗಾಳಿ ಹೋಗಲು ಅಗಲ ಬಾಯಿ, ಮೇಲೆ ಬಿಸಿ ಹೊರಬರಲು ಇನ್ನೊಂದು ಬಾಯಿ. ಒಲೆಗೂ ಹೊಗೆಗೂಡಿಗೂ ಇರುವ ಲೆಕ್ಕವೇ ಇದಕ್ಕೂ ಎಂದರು. ಒಳಗಿದ್ದದ್ದು ಬೇರೆಯ ಬೋರ್ಡು, ಬೇರೆಯ ಪ್ರೊಸೆಸರು. ತುಮಕೂರಿನಲ್ಲಿ ಬಾಗಿಲು ಹಾಕಿದ ಯಾವುದೋ ಕಂಪ್ಯೂಟರ್ ಕ್ಲಾಸಿನಿಂದ ತಂದದ್ದು, ನನ್ನದರ ಅರ್ಧ ವೇಗವೂ ಇಲ್ಲದ ಹಳೇ ಸರಕು. ನನ್ನ ಮುಖ ಸಣ್ಣದಾದದ್ದು ಅವರಿಗೆ ಕಂಡಿತು.

"ಹಾಡು ಹಿಡಿಯಾಕೆ ಇದು ಸಾಲ್ದಾ?" ಎಂದರು.

ಒಬ್ಬರ ಹಾಡು, ಒಂದು ಮೈಕು. ಸಾಕಾಗಿತ್ತು. ನಿಜ ಹೇಳಬೇಕೆಂದರೆ ಧಾರಾಳವಾಗಿ ಸಾಕಾಗಿತ್ತು.

"ಮತ್ತೆ? ಜೋರಾಗಿ ಓಡೋನ ಬಾಯಿ ಮುಚ್ಚಾಕೋಗಿ ನಾನು ಅವನ್ನ ಸಾಯಿಸ್ಬುಟ್ಟೆ. ನಿಧಾನಕ್ಕೆ ಓಡೋನ್ನ ಮೊದಲೇ ತಂದಿದ್ರೆ ಬಾಯಿ ಮುಚ್ಚೋ ಕೆಲ್ಸಾನೇ ಇರ್ತಿರ್ಲಿಲ್ಲ" ಎಂದು ಸ್ವಿಚ್ಚು ಒತ್ತಿದರು. ಓಡುತ್ತಿದೆಯೋ ಇಲ್ಲವೋ ಎಂದು ನಾನು ಬಗ್ಗಿ, ಕೆಳಗಿನ ಬಾಯಿಗೆ ಕೈಯಿಟ್ಟು ಗಾಳಿ ಮುಟ್ಟಿ ನೋಡಿ ತಿಳಿಯಬೇಕಾಯಿತು. ತನ್ನ ತಪ್ಪನ್ನು ಇಷ್ಟು ಚೆನ್ನಾಗಿ ತಿದ್ದಿಕೊಂಡವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ನಮ್ಮ ಸ್ಟಾಫ್ ರೂಮಿನಲ್ಲಂತೂ ಇಲ್ಲವೇ ಇಲ್ಲ.

ಇನ್ನು ದಿನ ಯಾವುದೆಂಬ ಪ್ರಶ್ನೆ. ಹುತ್ರಿದುರ್ಗದ ಕಡೆ ಹಗಲು ಕರೆಂಟಿದ್ದರೆ ಹಿಟ್ಟಿನ ಗಿರಣಿ, ಪಂಪ್‌ಸೆಟ್ಟುಗಳ ಗದ್ದಲ. ಕರೆಂಟು ಹೋದರೆ ಎಲ್ಲ ಸುಮ್ಮನಾಗುತ್ತದೆ, ಆದರೆ ಕಂಪ್ಯೂಟರೂ ಸುಮ್ಮನಾಗುತ್ತದೆ. ದಾರಿ ತೋರಿಸಿದವರು ಮತ್ತೆ ಮಾದೇವಣ್ಣನೇ.

"ಆಯುಧಪೂಜೆ ದಿನ ಮಾಡಿ. ಗಿರಣಿ, ಮೋಟ್ರು, ಟ್ರ್ಯಾಕ್ಟ್ರು ಎಲ್ಲಕ್ಕೂ ವಿಭೂತಿ ಇಕ್ಕಿ ಕೂರಿಸಿರ್ತಾರೆ. ಫ್ಯಾಕ್ಟ್ರಿ ಎಲ್ಲ ಬಂದ್, ಅದಕ್ಕೇ ಕರೆಂಟೂ ಹೋಗಾಕಿಲ್ಲ. ನನ್ನ ಕಿವಿಗೆ ವರ್ಷಕ್ಕೆ ಅದೊಂದೇ ದಿನ ರಜಾ."

ಆಯುಧಪೂಜೆಯ ಮಾರನೆಯ ದಿನ, ದಶಮಿಯ ಸಂಜೆಗೆ, ಮಾವ ಬೆಂಗಳೂರಿಗೆ ಹೊರಡಬೇಕಿತ್ತು. ಉಳಿದದ್ದು ಅದೊಂದೇ ದಿನ. ರಿವೈಂಡಿಂಗ್ ಅಂಗಡಿಯವರಿಗೆ ಆಯುಧಪೂಜೆಗಿಂತ ದೊಡ್ಡ ಹಬ್ಬವಿಲ್ಲ. ಆದರೂ ಮಾದೇವಣ್ಣ ನಸುಕಿನಲ್ಲೇ ಅಂಗಡಿ ಪೂಜೆ ಮುಗಿಸಿ, ಬಾಳೆಕಂದು ಕಟ್ಟಿದ ವ್ಯಾನಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು, ತುಮಕೂರಿನಲ್ಲಿ ನನ್ನನ್ನು ಹತ್ತಿಸಿಕೊಂಡು ಬಂದರು. ಕೈಯಲ್ಲಿ ಒಂದು ಸ್ಕ್ರೂಡ್ರೈವರೂ ಇರಲಿಲ್ಲ. ಪೂಜೆಗೆ ಕೂರಿಸಿದ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ಕುಣಿಗಲ್ ಕೆರೆ ತುಂಬಿ ಏರಿಯವರೆಗೆ ಬಂದಿತ್ತು. ಅದನ್ನು ನೋಡುತ್ತ, "ಇವತ್ತು ಏನಾದ್ರೂ ಕೆಟ್ರೆ ನಾನೂ ನಿಮ್ಮಂಗೇ ನೋಡ್ತಾ ಕೂರೋನು ಕಣಮ್ಮ" ಎಂದರು.

ಮಾವನ ಮನೆಯಲ್ಲಿ ಹಾರ್ಮೋನಿಯಮ್ಮಿಗೂ ಪೂಜೆಯಾಗಿತ್ತು. ಮಣೆಯ ಮೇಲೆ, ಮೈತುಂಬ ಚೆಂಡುಹೂ. ಮಾವ ಅದನ್ನು ಮುಟ್ಟಲು ಒಪ್ಪಲಿಲ್ಲ. "ಐವತ್ತು ವರ್ಷದಿಂದ ಈ ಹಬ್ಬದ ದಿನ ಮುಟ್ಟಿಲ್ಲ, ಇವತ್ತೂ ಮುಟ್ಟಲ್ಲ. ಬರೀ ಬಾಯಲ್ಲಿ ಹಾಡ್ತೀನಿ, ಗಂಟಲಿಗೆ ಯಾರೂ ಕುಂಕುಮ ಇಕ್ಕಿಲ್ಲ" ಎಂದರು. ಅಷ್ಟರಲ್ಲಿ ಗೌರತ್ತೆ ವಿಭೂತಿ ಗಟ್ಟಿ ಹಿಡಿದು ನಮ್ಮ ಪೆಟ್ಟಿಗೆಯ ಕಡೆಗೇ ಬಂದರು. ಮಾದೇವಣ್ಣ ಎರಡೂ ಕೈ ಅಡ್ಡ ಹಿಡಿದರು.

"ತಡೀರಿ ಅಮ್ಮಾರೆ. ಈಗ ಇಕ್ಕುಬುಟ್ರೆ ಇವತ್ತು ಇದನ್ನೂ ಮುಟ್ಟಂಗಿಲ್ಲ. ಇದಿನ್ನೂ ಒಂದು ದಿನಾನೂ ದುಡಿದಿಲ್ಲ. ದುಡೀದೇ ಇರೋದು ಆಯುಧ ಹೆಂಗಾಯ್ತದೆ? ಸಾಯಂಕಾಲ ಇಕ್ಕೋಣ."

ಗೌರತ್ತೆಗೆ ಈ ನ್ಯಾಯ ಸರಿಯೆನಿಸಿತು. ವಿಭೂತಿ ಗೂಡಿಗೆ ಹೋಯಿತು.

ರೆಕಾರ್ಡ್ ಒತ್ತಿದೆ. ದಪ್ಪ ಮಾನಿಟರಿನದೂ ಒಂದು ಸಣ್ಣ ಕೀರಲು ಇತ್ತಾದ್ದರಿಂದ ಒತ್ತಿದ ಕೂಡಲೇ ಅದನ್ನು ಆರಿಸಿಬಿಡುವುದು ನಾವು ಮಾಡಿಕೊಂಡಿದ್ದ ಪದ್ಧತಿ. ಮಾವ ಎರಡು ಸಾಲು ಹಾಡಿದರು. ಹೆಡ್‌ಫೋನಿನಲ್ಲಿ ಕೇಳಿದರೆ ಸಣ್ಣಗೆ, ನೊಣ ಹಾರಿದಂತೆ, ಗುಂಯ್. ಮಾದೇವಣ್ಣನ ಕೈ ಸೊಂಟಕ್ಕೆ ಹೋಗಿ ಬರಿದಾಗಿ ವಾಪಸು ಬಂತು. ಅತ್ತ ಇತ್ತ ನೋಡಿ, ಅಡುಗೆಮನೆಯ ಗೋಡೆಗೆ ಒರಗಿದ್ದ ಮುದ್ದೆ ಕೋಲನ್ನು ಕಂಡು, "ಅಮ್ಮಾರೆ, ಇದನ್ನ ಮುಟ್ಬೋದಾ?" ಎಂದು ಕೇಳಿದರು.

"ಮುಟ್ಟಪ್ಪ. ಅಡುಗೆಮನೆ ಆಯುಧಕ್ಕೆ ಯಾವ ಹಬ್ಬದಾಗೆ ರಜಾ ಕೊಟ್ಟೀರಾ ನೀವು?" ಎಂದರು ಗೌರತ್ತೆ.

ಮುದ್ದೆ ಕೋಲಿನ ಒಂದು ತುದಿಯನ್ನು ಕಿವಿಗೆ ಒತ್ತಿ, ಇನ್ನೊಂದನ್ನು ಪೆಟ್ಟಿಗೆಯ ಮೈಗೆಲ್ಲ ಮುಟ್ಟಿಸಿ ಕೇಳಿದರು. "ಪೆಟ್ಟಿಗೆ ಸುಮ್ನೈತೆ" ಎಂದರು. ಮಾನಿಟರು, ಸ್ವಿಚ್ ಬೋರ್ಡು, ಕಂಬ ಎಲ್ಲವನ್ನೂ ನೋಡುತ್ತ ಗೋಡೆಯ ಬಳಿ ನಿಂತು ಕೋಲೆತ್ತಿ ಟ್ಯೂಬ್‌ಲೈಟಿನ ಪಟ್ಟಿಗೆ ಇಟ್ಟರು. ಮುಖ ಅರಳಿತು. ಟ್ಯೂಬ್‌ಲೈಟಿನ ಚೋಕು! ಆ ಮನೆಯಲ್ಲಿ ಎಷ್ಟು ವರ್ಷದಿಂದ ಅದು ಗುಂಯ್‌ಗುಡುತ್ತಿತ್ತೋ, ಯಾರ ಕಿವಿಗೂ ಬಿದ್ದಿರಲಿಲ್ಲ. ಕಂಪ್ಯೂಟರು ಅಷ್ಟು ಸುಮ್ಮನಿದ್ದುದರಿಂದ ಈಗ ಬಿತ್ತು. ಲೈಟು ಆರಿಸಿ ಕಿಟಕಿ ತೆರೆದೆವು. ಮೋಡದ ಬೆಳಕು ಒಳಗೆ ಬಂತು.

ಆಮೇಲೆ ಮಾವ ಹಾಡಿದರು. ಅದನ್ನು ಹೇಗೆ ಹೇಳಲಿ. ರಾಜನ ಪಾರ್ಟು ರಂಗಕ್ಕೆ ಬರುವ ಮಟ್ಟು, ಹೆಣ್ಣು ಪಾರ್ಟು ಅಳುವ ಮಟ್ಟು, ಇಬ್ಬರು ಜಗಳಕ್ಕೆ ನಿಂತಾಗ ಸಾಲು ಸಾಲಿಗೂ ಏರುವ ಮಟ್ಟು. ದನಿಯಿದ್ದದ್ದು ಒಂದು ಬೆರಳಿನಷ್ಟು. ಅದರಲ್ಲೇ ರಾಜನೂ ಬಂದ, ಹೆಂಗಸೂ ಅತ್ತಳು. ಬೆರಳುಗಳು ಮಂಡಿಯ ಮೇಲೆ ಇಲ್ಲದ ಹಾರ್ಮೋನಿಯಮ್ಮಿನ ಮನೆಗಳನ್ನು ಒತ್ತುತ್ತಿದ್ದವು, ಬಲಗಾಲು ಇಲ್ಲದ ತಿದಿಯನ್ನು ತುಳಿಯುತ್ತಿತ್ತು. ಕಾಲಿನ ಸದ್ದು ಮೈಕಿಗೆ ಬೀಳುತ್ತದೆಂದು ನಾನು ಹೇಳಬೇಕೋ ಬೇಡವೋ ಎಂದು ಒದ್ದಾಡುತ್ತಿದ್ದೆ. ಮಾದೇವಣ್ಣ ಸದ್ದಾಗದಂತೆ ಎದ್ದು ಹೋಗಿ ವ್ಯಾನಿನಿಂದ ಒಂದು ಮಡಿಸಿದ ಕಂಬಳಿ ತಂದು ಮಾವನ ಪಾದದ ಅಡಿಗೆ ಸರಿಸಿದರು. ಸುಟ್ಟ ಕಂಬಳಿ ಅದೇ. ಮಾವ ಹಾಡು ನಿಲ್ಲಿಸದೆ ಅವರ ತಲೆ ಮುಟ್ಟಿದರು.

ಹೊತ್ತು ಇಳಿಯುವಾಗ ಮಾವನಿಗೆ ಒಂದು ಹಾಡನ್ನು ಕೇಳಿಸಿದೆ. ಅವರು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೊನೆಯವರೆಗೂ ಕೇಳಿದರು. ಬೆನ್ನ ಹಿಂದೆ ಯಾರೂ ರಾಗಿ ಬೀಸುತ್ತಿರಲಿಲ್ಲ.

"ಇದು ನಾನಲ್ಲ ಕಣವ್ವ" ಎಂದರು. "ನಮ್ಮ ಗುರುಗಳು ಹಿಂಗೇ ಉಸಿರು ತಗಳೋರು."

ಕೊನೆಗೆ ನಾಟಕ ಮುಗಿಸುವ ಮಂಗಳದ ಹಾಡೊಂದು ಉಳಿದಿತ್ತು. ರೆಕಾರ್ಡ್ ಒತ್ತಿ ಮಾನಿಟರ್ ಆರಿಸಿದೆ. ಹಾಡಿ ಮುಗಿಸಿದಾಗ ನಾನು ಸೆರಗಿನಲ್ಲಿ ಕಣ್ಣು ಮೂಗು ಒರೆಸಿಕೊಂಡೆ. ದೀಪ ಹಚ್ಚುವ ಹೊತ್ತಾಗಿತ್ತು. "ಈಗ ದುಡಿದೈತೆ, ಈಗ ಇಕ್ಕಿ" ಎಂದರು ಮಾದೇವಣ್ಣ. ಗೌರತ್ತೆ ಪೆಟ್ಟಿಗೆಗೆ ವಿಭೂತಿ ಬಳಿದು, ಹೂವಿಟ್ಟು, ಗಂಟೆ ಬಾರಿಸಿ ಮಂಗಳಾರತಿ ಎತ್ತಿದರು. ಮಾದೇವಣ್ಣ ನಮಸ್ಕಾರ ಮಾಡಲು ಬಗ್ಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟವರು ತಟ್ಟನೆ ತಲೆಯೆತ್ತಿದರು.

"ಟೀಚರಮ್ಮ, ಬೆಚ್ಚಗೈತಲ್ಲ ಇದು?"

ನಾನು ನಿಲ್ಲಿಸಿಯೇ ಇರಲಿಲ್ಲ. ಅಷ್ಟೂ ಹೊತ್ತು ಅದು ಓಡುತ್ತಿತ್ತು, ನಮ್ಮನ್ನೆಲ್ಲ ಹಿಡಿದುಕೊಳ್ಳುತ್ತಿತ್ತು. ಕಟ್ಟಿದವರಿಗೇ ಕೇಳಿಸಿರಲಿಲ್ಲ. ಮಾದೇವಣ್ಣ ಆ ದಿನ ನಕ್ಕ ಹಾಗೆ ನಾನು ಅವರನ್ನು ಇನ್ನೊಮ್ಮೆ ಕಂಡಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ದನಿ ಬರಲಿಲ್ಲ. ಆದರೆ ಮಾವ ಮೇಷ್ಟ್ರ ಕೆಲಸ ಬಿಡಲಿಲ್ಲ. ಪೆಟ್ಟಿಗೆಯನ್ನು ಹಳ್ಳಿಯಿಂದ ಹಳ್ಳಿಗೆ ಹೊತ್ತುಕೊಂಡು ಹೋದರು. ಪೆಟ್ಟಿಗೆ ಹಾಡುತ್ತಿತ್ತು, ಮಾವ ಹಾರ್ಮೋನಿಯಂ ಒತ್ತುತ್ತಿದ್ದರು, ತಪ್ಪು ಹಾಡಿದ ಕಂಡಕ್ಟರಿಗೆ ಕಣ್ಣಲ್ಲೇ ಬೈಯುತ್ತಿದ್ದರು. ಇನ್ನೂ ಹತ್ತು ವರ್ಷ ಹೀಗೆ ಕಲಿಸಿ ಲಿಂಗೈಕ್ಯರಾದರು. ಕುಣಿಗಲ್ ಕಡೆ ಇವತ್ತೂ ಆ ಮಟ್ಟುಗಳನ್ನು ಹಾಡುವವರಿದ್ದಾರೆ.

ಕಳೆದ ತಿಂಗಳು ಮದುವೆಯಿಂದ ಬರುವಾಗ ಮೂಗಿನ ಜಾಡು ಹಿಡಿದು ಓಣಿಯೊಳಗೆ ಹೋದರೆ ಅಂಗಡಿಯಲ್ಲಿ ಬೇರೆ ಯಾರೋ ತಂತಿ ಸುತ್ತುತ್ತಿದ್ದರು. ಮಾದೇವಣ್ಣ ಯಾವುದೋ ತೋಟದಲ್ಲಿ ಮೋಟರು ಎತ್ತಿಸಲು ಹೋಗಿದ್ದಾರೆಂದರು. ಈ ವಯಸ್ಸಿನಲ್ಲೂ! ನಾವು ಅಲ್ಲಿಂದ ಸೀದಾ ಕುಣಿಗಲ್ಲಿಗೆ ಹೋದೆವು. ಗೌರತ್ತೆ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಆ ರೆಕಾರ್ಡುಗಳೆಲ್ಲ ಈಗ ನನ್ನ ಫೋನಿನಲ್ಲಿವೆ.

"ಮಾವನ ಹಾಡು ಹಾಕ್ಲಾ ಅತ್ತೆ?" ಎಂದೆ.

"ಹಾಡು ಬ್ಯಾಡ. ಆ ಊಟದ್ದು ಹಾಕು" ಎಂದರು, ಯಾವಾಗಲೂ ಹೇಳುವ ಹಾಗೆ.

ಹಾಕಿದೆ. ಮಂಗಳದ ಕೊನೆಯ ಸಾಲು. ಅದಾದ ಮೇಲೆ ತುಂಬ ಹೊತ್ತು ಏನೂ ಇಲ್ಲ, ಯಾರೋ ಮೂಗು ಒರೆಸಿಕೊಂಡ ಸದ್ದು, ಅದು ನಾನು. "ಈಗ ಇಕ್ಕಿ" ಎನ್ನುವ ಮಾದೇವಣ್ಣ, ಗಂಟೆ. ಆಮೇಲೆ ಮಾವನ ಮಾತು, ಅವರ ಸ್ವಂತ ದನಿಯಲ್ಲಿ, ಇಲ್ಲೇ ಪಕ್ಕದಲ್ಲಿ ಕೂತು ಆಡಿದಷ್ಟು ಹತ್ತಿರದಿಂದ: "ಗೌರಾ, ಮಾದೇವಣ್ಣಂಗೆ ಎಲೆ ಹಾಕು. ಬೆಳಗ್ಗಿಂದ ಬರೀ ಕಾಫಿ ಮೇಲವ್ನೆ."

ಅಂದು ಆ ಮಾತಿಗೆ ಗೌರತ್ತೆ ಉತ್ತರ ಕೊಟ್ಟಿರಲಿಲ್ಲ, ಮಂಗಳಾರತಿ ತಟ್ಟೆ ಹಿಡಿದು ಆಗಲೇ ಒಳಗೆ ನಡೆದಿದ್ದರು. ಈಗ ಫೋನಿನ ಹತ್ತಿರಕ್ಕೆ ಬಗ್ಗಿ ಹೇಳಿದರು:

"ಹೂಂ, ಹಾಕ್ದೆ, ಇರಿ."